ಸಲ್ಲೇಖನ: ಹಕ್ಕೋ, ವ್ರತವೋ?

ಅಮರ್ಜಾ ಮತ್ತು ಭೀಮಾ ನದಿಗಳ ಸೀಮೆಯಾದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಜೈನರ ಮನೆಗಳು ವಿರಳ. ಮುನಿಸಂಘದ ವಿಹಾರವೂ ಈ ದಾರಿಯಲ್ಲಿ ಅಪರೂಪ. ಇಂಥ ಒಂದು ಮನೆಯಲ್ಲಿ ಎಂಬತ್ತೈದು ದಾಟಿದ ತಾಯಿಯೊಬ್ಬಳು ಔಷಧಕ್ಕೆ ಬಗ್ಗದ ರೋಗದಿಂದ ಹಾಸಿಗೆ ಹಿಡಿದಿರುವಳೆಂದು ಭಾವಿಸತಕ್ಕದ್ದು. ಒಂದು ಮುಂಜಾನೆ ಆಕೆ ಗಂಜಿಯ ಬಟ್ಟಲನ್ನು ಕೈಯಿಂದ ಸರಿಸಿ, "ಇನ್ನ ಸಾಕೋ ಯಪ್ಪಾ, ನನಗ ವ್ರತ ಕೊಡಸು" ಎಂದು ಮಗನಿಗೆ ಹೇಳುತ್ತಾಳೆ. ಕಲಬುರಗಿಗೆ ಒಯ್ದು ಮೂಗಿನಿಂದ ನಳಿಗೆ ಹಾಕಿಸಿ ಆಹಾರ ಕೊಡಬೇಕೆಂದು ವೈದ್ಯರು ಸೂಚಿಸುತ್ತಾರೆ. ಮುದುಕಿಯನ್ನು ಉಪವಾಸ ಕೆಡವಿದರೆ ಪೊಲೀಸರು ಬರುವರೆಂದು ನೆರೆಯವರು ಹೆದರಿಸುತ್ತಾರೆ. ವ್ರತವಾದರೆ ಮನೆತನಕ್ಕೆ ಕೀರ್ತಿಯೆಂದು ದೂರದ ಬಂಧುಗಳು ಉತ್ಸಾಹಪಡಿಸುತ್ತಾರೆ. ಈ ಮೂರು ಮಾತುಗಳ ನಡುವೆ ಸಿಕ್ಕಿದ ಮಗನು ಮಾಡತಕ್ಕದ್ದೇನು? ಈ ಪಾಠವು ಆ ಮಗನಿಗಾಗಿ. ತಾಯಿಯ ಮಾತನ್ನು ಹೇಗೆ ಕೇಳಬೇಕು, ಯಾರ ಅನುಜ್ಞೆ ಬೇಕು, ದೇಶದ ಕಾನೂನು ಏನೆನ್ನುತ್ತದೆ ಎಂಬ ಮೂರನ್ನು ಕ್ರಮವಾಗಿ ವಿಚಾರಿಸಲಾಗುವುದು.

೧. ಶಾಸ್ತ್ರೋಕ್ತ ಲಕ್ಷಣ

ಸಲ್ಲೇಖನವೆಂದರೆ ಚೆನ್ನಾಗಿ ಕೃಶಗೊಳಿಸುವುದು. ಕೃಶಗೊಳಿಸತಕ್ಕದ್ದು ಎರಡು: ಹೊರಗಿನ ಕಾಯ, ಒಳಗಿನ ಕಷಾಯ. ಕ್ರೋಧ, ಮಾನ, ಮಾಯೆ, ಲೋಭಗಳು ಕರಗದೆ ದೇಹ ಮಾತ್ರ ಸೊರಗಿದರೆ ಅದು ವ್ರತವೆನಿಸದು. ಬಾರಾ ವ್ರತಗಳನ್ನು ಪಾಲಿಸಿದ ಶ್ರಾವಕನಿಗೆ ಇದು ಕೊನೆಯ ಫಲ. ಕುಂದಕುಂದಾಚಾರ್ಯರು ಇದನ್ನು ನಾಲ್ಕನೆಯ ಶಿಕ್ಷಾವ್ರತವಾಗಿಯೇ ಎಣಿಸಿದ್ದಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ನಾಲ್ಕು ಸಂದರ್ಭಗಳನ್ನು ಹೇಳುತ್ತಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಆದರೆ ಇವು ಪ್ರತೀಕಾರವಿಲ್ಲದವುಗಳಾಗಿರಬೇಕು, ದೇಹತ್ಯಾಗವು ಧರ್ಮದ ನಿಮಿತ್ತವಾಗಿರಬೇಕು. ಪ್ರತೀಕಾರವಿಲ್ಲದ್ದು ಎಂಬ ಈ ವಿಶೇಷಣದ ಮೇಲೆಯೇ ಸಮಸ್ತ ವಿಚಾರವೂ ನಿಂತಿದೆ. ಚಿಕಿತ್ಸೆಯಿಂದ ಗುಣವಾಗುವ ರೋಗ, ಸಾಂತ್ವನದಿಂದ ಕಳೆಯುವ ದುಃಖ, ದುಡಿಮೆಯಿಂದ ತೀರುವ ಸಾಲ, ಇವು ಯಾವುವೂ ಸಲ್ಲೇಖನಕ್ಕೆ ಕಾರಣಗಳಲ್ಲ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಬ್ಬ ವರ್ತಕನ ದೃಷ್ಟಾಂತವನ್ನು ಕೊಡುತ್ತಾರೆ. ಬೆಲೆಬಾಳುವ ಸರಕು ತುಂಬಿದ ಮಳಿಗೆ ಸುಟ್ಟುಹೋಗುವುದನ್ನು ಯಾವ ವರ್ತಕನೂ ಬಯಸನು. ಬೆಂಕಿ ಬಿದ್ದರೆ ಮೊದಲು ಅದನ್ನು ಆರಿಸಲು ಯತ್ನಿಸುವನು. ಆರದೆಂದು ನಿಶ್ಚಯವಾದಾಗ ಮಳಿಗೆಯನ್ನು ಬಿಟ್ಟು ಸರಕನ್ನಾದರೂ ಉಳಿಸಿಕೊಳ್ಳುವನು. ತೊಗರಿಯ ವ್ಯಾಪಾರ ಬಲ್ಲ ಕಲಬುರಗಿ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಹವೇ ಮಳಿಗೆ, ವ್ರತ ಶೀಲಗಳೇ ಸರಕು. ತಾನೇ ಮಳಿಗೆಗೆ ಬೆಂಕಿ ಇಡುವವನು ವರ್ತಕನಲ್ಲ. ಬೆಂಕಿ ಆರಿಸುವ ಯತ್ನವನ್ನೇ ಮಾಡದೆ ಓಡುವವನೂ ಅಲ್ಲ. ತತ್ತ್ವಾರ್ಥಸೂತ್ರವು ಪ್ರಮಾದಯೋಗದಿಂದಾದ ಪ್ರಾಣಹರಣವನ್ನು ಹಿಂಸೆಯೆನ್ನುತ್ತದೆ. ರಾಗ, ದ್ವೇಷ, ಮೋಹಗಳಿಂದ ವಿಷ, ಶಸ್ತ್ರಾದಿಗಳನ್ನು ಬಳಸಿ ತನ್ನನ್ನು ಕೊಂದುಕೊಳ್ಳುವವನು ಆತ್ಮಘಾತಕ. ಅವು ಇಲ್ಲದೆಡೆ ಆತ್ಮಘಾತದ ದೋಷವಿಲ್ಲವೆಂಬುದು ಪೂಜ್ಯಪಾದರ ನಿರ್ಣಯ.

೨. ಗುರುವು ಬೇಡವೆಂದ ಪ್ರಸಂಗ

ಈ ವ್ರತದ ಲಕ್ಷಣವನ್ನು ಬರೆದ ಸಮಂತಭದ್ರರ ಜೀವನದಲ್ಲಿಯೇ ಒಂದು ಪ್ರಸಂಗವುಂಟೆಂದು ಸಂಪ್ರದಾಯವು ಹೇಳುತ್ತದೆ. ದೇವಚಂದ್ರನ ರಾಜಾವಳಿ ಕಥೆಯಲ್ಲಿ ಇದು ಬಂದಿದೆ. ಮುನಿಯಾಗಿದ್ದಾಗ ಅವರಿಗೆ ಭಸ್ಮಕವೆಂಬ ರೋಗ ತಗುಲಿತು. ಎಷ್ಟು ಉಂಡರೂ ಹಸಿವು ತಣಿಯದು. ಮುನಿಚರ್ಯೆಯಲ್ಲಿ ದೊರೆಯುವ ಮಿತಾಹಾರದಿಂದ ರೋಗ ಶಮನವಾಗದು. ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಜ್ಞೆ ಬೇಡಿದರು. ಗುರುಗಳು ಕೊಡಲಿಲ್ಲ. ಈತನಿಂದ ಧರ್ಮಪ್ರಭಾವನೆ ಆಗಬೇಕಾಗಿದೆಯೆಂದು ತಿಳಿದು, ದೀಕ್ಷೆಯನ್ನು ಕೆಲಕಾಲ ಬದಿಗಿಟ್ಟಾದರೂ ರೋಗವನ್ನು ಪರಿಹರಿಸಿಕೊಳ್ಳೆಂದು ಆಜ್ಞಾಪಿಸಿದರು. ಶಿಷ್ಯನು ಅಂತೆಯೇ ನಡೆದು, ರೋಗ ನೀಗಿ, ಮರಳಿ ದೀಕ್ಷೆ ಪಡೆದನು.

ಈ ಕಥೆಯ ತಾತ್ಪರ್ಯವನ್ನು ಶ್ರಾವಕರು ಸಾವಧಾನವಾಗಿ ಗ್ರಹಿಸತಕ್ಕದ್ದು. ಬೇಡಿದವನು ಸಾಮಾನ್ಯನಲ್ಲ. ಜ್ಞಾನವಿತ್ತು, ವೈರಾಗ್ಯವಿತ್ತು, ದುಸ್ಸಹವಾದ ವ್ಯಾಧಿಯೂ ಇತ್ತು. ಆದರೂ ಇಚ್ಛೆಯೊಂದೇ ಸಾಲದಾಯಿತು. 'ನನ್ನ ದೇಹ, ನನ್ನ ಇಷ್ಟ' ಎಂಬ ನ್ಯಾಯವು ಇಲ್ಲಿ ನಡೆಯಲಿಲ್ಲ. ಸ್ವಂತ ಇಚ್ಛೆಯಿಲ್ಲದೆ ಸಲ್ಲೇಖನವಿಲ್ಲವೆಂಬುದು ಎಷ್ಟು ಸತ್ಯವೋ, ಇಚ್ಛೆಯಿದ್ದ ಮಾತ್ರಕ್ಕೆ ಸಲ್ಲೇಖನವಿಲ್ಲವೆಂಬುದೂ ಅಷ್ಟೇ ಸತ್ಯ. ಹಕ್ಕನ್ನು ಬೇಡಿದವನಿಗೆ ನಿರಾಕರಿಸಿದರೆ ಅನ್ಯಾಯವೆನಿಸುವುದು. ವ್ರತವನ್ನು ಬೇಡಿದವನಿಗೆ ಗುರುವು ನಿರಾಕರಿಸಿದರೆ ಅದೂ ಅನುಗ್ರಹವೇ.

ಶಿವಾರ್ಯರ ಭಗವತೀ ಆರಾಧನೆಯೂ ಇದನ್ನೇ ದೃಢಪಡಿಸುತ್ತದೆ. ಚಾರಿತ್ರವು ನಿರತಿಚಾರವಾಗಿ ನಡೆಯುತ್ತಿದ್ದು, ದುರ್ಭಿಕ್ಷಾದಿ ಭಯವಿಲ್ಲದಿರುವಾಗಲೂ ಆಹಾರತ್ಯಾಗ ಮಾಡಿ ಮರಣವನ್ನು ಅಪೇಕ್ಷಿಸುವ ಮುನಿಯು ಮುನಿತ್ವದಲ್ಲಿಯೇ ಬೇಸರಗೊಂಡವನೆಂದು ಆ ಗ್ರಂಥದ ಅಭಿಪ್ರಾಯ.

ರಕ್ಷಾಬಂಧನದ ಕಥೆಯನ್ನು ಮಕ್ಕಳೂ ಬಲ್ಲರು. ಹಸ್ತಿನಾಪುರದಲ್ಲಿ ಬಲಿಯು ಒಡ್ಡಿದ ಉಪಸರ್ಗದ ನಡುವೆ ಅಕಂಪನಾಚಾರ್ಯರೂ ಅವರ ಸಂಘದ 700 ಮುನಿಗಳೂ ಉಪಸರ್ಗ ಕಳೆಯುವವರೆಗೆ ಆಹಾರವನ್ನು ತ್ಯಜಿಸಿ ನಿಂತರು. ವಿಷ್ಣುಕುಮಾರ ಮುನಿಯಿಂದ ಉಪಸರ್ಗ ನೀಗಿತು. ಹೊಗೆಯಿಂದ ಗಂಟಲು ನೊಂದಿದ್ದ ಮುನಿಗಳಿಗೆ ಶ್ರಾವಕರು ಮೃದುವಾದ ಪಾಯಸವನ್ನು ಆಹಾರವಾಗಿ ಕೊಟ್ಟರು, ಮುನಿಗಳು ಸ್ವೀಕರಿಸಿದರು. ಸಾಯುವುದೇ ಗುರಿಯಾಗಿದ್ದರೆ ಅಂದು ಆ ಪಾಯಸವನ್ನು ಯಾರು ಸ್ವೀಕರಿಸುತ್ತಿದ್ದರು?

೩. ಕ್ರಮ, ನಿರ್ಯಾಪಕ, ಅತಿಚಾರ

ವ್ರತದ ಕ್ರಮದಲ್ಲಿ ಅವಸರವಿಲ್ಲ. ಮೊದಲು ಸ್ನೇಹ, ವೈರ, ಪರಿಗ್ರಹಗಳನ್ನು ಬಿಟ್ಟು, ಸ್ವಜನ ಪರಿಜನರನ್ನು ಕ್ಷಮಿಸಿ ಅವರಿಂದಲೂ ಕ್ಷಮೆ ಬೇಡಬೇಕು. ತಾನು ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಬೇಕು. ಶೋಕ, ಭಯ, ವಿಷಾದಗಳನ್ನು ತೊರೆಯಬೇಕು. ಆಮೇಲೆ ಘನಾಹಾರವನ್ನು ಬಿಟ್ಟು ಹಾಲಿನಂಥ ಪಾನ, ಅದನ್ನು ಬಿಟ್ಟು ಕಾಂಜಿ ಅಥವಾ ಬಿಸಿನೀರು, ಕೊನೆಗೆ ಶಕ್ತ್ಯನುಸಾರ ಉಪವಾಸ. ಭಕ್ತ ಪ್ರತ್ಯಾಖ್ಯಾನದ ಉತ್ಕೃಷ್ಟ ಕಾಲವು 12 ವರ್ಷಗಳೆಂದು ಶಾಸ್ತ್ರವು ಹೇಳುವುದನ್ನು ನೋಡಿದರೆ, ಇದು ಒಂದು ದಿನದ ಆವೇಶದ ಕೆಲಸವಲ್ಲವೆಂದು ಸ್ಪಷ್ಟವಾಗುವುದು.

ಕ್ಷಪಕನು ಒಂಟಿಯಾಗಿ ಮಲಗುವವನಲ್ಲ. ಅವನ ಸೇವೆಗೆ ನಿರ್ಯಾಪಕರಿರುತ್ತಾರೆ. ಭಗವತೀ ಆರಾಧನೆಯು 48 ನಿರ್ಯಾಪಕರನ್ನು ಹೇಳಿ, ಕಾಲಾನುಸಾರ ಕಡಿಮೆ ಮಾಡಿದರೂ ಇಬ್ಬರಿಗಿಂತ ಕಡಿಮೆಯಾಗಬಾರದೆನ್ನುತ್ತದೆ. ಅವರು ಹೊರಳಿಸುವರು, ಕೈಕಾಲು ಒತ್ತುವರು, ಧರ್ಮಕಥೆ ಹೇಳುವರು. ಆಹಾರತ್ಯಾಗಕ್ಕೆ ಮುಂಚೆ ಬಗೆಬಗೆಯ ಆಹಾರವನ್ನು ಕ್ಷಪಕನ ಮುಂದೆ ತಂದು ತೋರಿಸುವ ವಿಧಿಯೂ ಇದೆ. ಆಸೆ ಉಳಿದಿದೆಯೋ ಇಲ್ಲವೋ ಎಂಬುದರ ಪರೀಕ್ಷೆ ಅದು. ಅನ್ನವನ್ನು ಬಚ್ಚಿಡುವವನು ನಿರ್ಯಾಪಕನಲ್ಲ, ಎದುರಿಗೆ ತಂದಿಡುವವನು ನಿರ್ಯಾಪಕ.

ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸಿದೆ: ಜೀವಿತಾಶಂಸಾ, ಮರಣಾಶಂಸಾ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ರತ್ನಕರಂಡಕದಲ್ಲಿ ಸುಖಾನುಬಂಧದ ಸ್ಥಾನದಲ್ಲಿ ಭಯವಿದೆ. ಎರಡರಲ್ಲಿಯೂ ಮರಣಾಶಂಸಾ, ಅಂದರೆ ಬೇಗ ಸಾವು ಬರಲೆಂಬ ಬಯಕೆ, ದೋಷವೆಂದೇ ಹೇಳಿದೆ. ನೋವು ತಾಳಲಾರದೆ ಸಾವನ್ನು ಕರೆಯುವವನು ವ್ರತಕ್ಕೆ ಇನ್ನೂ ಸಿದ್ಧನಲ್ಲ. ಅವನಿಗೆ ಮೊದಲು ನೋವಿನ ಶಮನವಾಗಬೇಕು.

ಗುರುಸನ್ನಿಧಿಯ ಈ ನಿಯಮವನ್ನು ಅರಸರೂ ಮೀರಲಿಲ್ಲ. ಗಂಗ ಅರಸ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತದಿಂದ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ವಡಿ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ಇದೇ ವ್ರತದಿಂದ ಮುಡಿಪಿದನು. ಈಚಿನ ಕಾಲದಲ್ಲಿ, ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ 1955ರಲ್ಲಿ ಸಲ್ಲೇಖನ ಕೈಗೊಂಡು 36ನೆಯ ದಿನ, ಸೆಪ್ಟೆಂಬರ್ 18ರಂದು ಸಮಾಧಿ ಹೊಂದಿದರು. ಅವರ ದೃಷ್ಟಿ ಕ್ಷೀಣಿಸುತ್ತ ಬಂದಿತ್ತು. ಕಣ್ಣು ಕಾಣದೆ ನಡೆದರೆ, ನೋಡದೆ ಉಂಡರೆ ಜೀವರಕ್ಷೆಯಾಗದು, ಸಮಿತಿಗಳು ಉಳಿಯವು. ಇಲ್ಲಿ ಕಾರಣವು ದೇಹದ ಕಷ್ಟವಲ್ಲ, ವ್ರತದ ರಕ್ಷಣೆ.

೪. ನ್ಯಾಯಾಲಯಗಳ ವಿಚಾರ

ಈಗ ಕಾನೂನಿನ ಮಾತು. ಹಳೆಯ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಯತ್ನವನ್ನು ಶಿಕ್ಷಾರ್ಹವಾಗಿಸಿತ್ತು. 306ನೆಯ ಕಲಮು ಅದಕ್ಕೆ ಕುಮ್ಮಕ್ಕು ಕೊಟ್ಟವರನ್ನು ಶಿಕ್ಷಿಸುತ್ತಿತ್ತು. 1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 309ನೆಯ ಕಲಮನ್ನು ಅಸಿಂಧುವೆಂದಿತು. 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಿರುಗಿಸಿ, ಜೀವಿಸುವ ಹಕ್ಕಿನಲ್ಲಿ ಸಾಯುವ ಹಕ್ಕು ಅಡಕವಾಗಿಲ್ಲವೆಂದು ತೀರ್ಮಾನಿಸಿತು. ಆದರೆ ಸಹಜವಾಗಿ ಮುಗಿಯುತ್ತಿರುವ ಬಾಳಿನ ಕೊನೆಯಲ್ಲಿ ಘನತೆಯಿಂದ ಸಾಯುವುದು ಬಾಳಿನ ಘನತೆಗೆ ಸೇರಿದ್ದೆಂಬ ಮಾತನ್ನೂ ಒಪ್ಪಿತು.

2006ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯದಲ್ಲಿ ಸಲ್ಲೇಖನದ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದಿತು. 2015ರ ಆಗಸ್ಟ್ 10ರಂದು ಆ ನ್ಯಾಯಾಲಯವು ಇದು ಧರ್ಮದ ಅತ್ಯವಶ್ಯ ಆಚರಣೆಯೆಂದು ಸಿದ್ಧವಾಗಿಲ್ಲವೆಂದು ಹೇಳಿ, 309 ಮತ್ತು 306ನೆಯ ಕಲಮುಗಳಡಿ ಕ್ರಮ ಕೈಗೊಳ್ಳುವಂತೆ ಆದೇಶಿಸಿತು. ಆಗಸ್ಟ್ 24ರಂದು ದೇಶದ ಹಲವೆಡೆ ಜೈನರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಅನಂತರ ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವನೆಂದು ಭಾವಿಸಿ, ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಸರ್ಕಾರಿ ಸೇವಕನನ್ನು ಒತ್ತಾಯಪಡಿಸುವ ಅಥವಾ ತಡೆಯುವ ಉದ್ದೇಶದ ಯತ್ನ ಮಾತ್ರ 226ನೆಯ ಕಲಮಿನಡಿ ಅಪರಾಧ. ಆದರೆ ಆತ್ಮಹತ್ಯೆಗೆ ಕುಮ್ಮಕ್ಕು ಕೊಡುವುದು 108ನೆಯ ಕಲಮಿನಡಿ ಅಪರಾಧವಾಗಿಯೇ ಉಳಿದಿದ್ದು, ಹತ್ತು ವರ್ಷಗಳವರೆಗೆ ಶಿಕ್ಷೆಯುಂಟು. ಆದುದರಿಂದ ಕಾನೂನಿನ ಕಣ್ಣು ಇಂದು ಮುಖ್ಯವಾಗಿ ಬೀಳುವುದು ಮಲಗಿದವಳ ಮೇಲಲ್ಲ, ಪಕ್ಕದಲ್ಲಿ ಕುಳಿತವರ ಮೇಲೆ. ಧರ್ಮದ ಕಣ್ಣೂ ಅಲ್ಲಿಯೇ ಬೀಳತಕ್ಕದ್ದು.

೫. ದಯಾಮರಣವೂ ಮುಂಗಡ ನಿರ್ದೇಶನವೂ

ಕೆಲವು ದೇಶಗಳಲ್ಲಿ ರೋಗಿಯ ಕೋರಿಕೆಯಂತೆ ವೈದ್ಯನೇ ಔಷಧದಿಂದ ಪ್ರಾಣ ತೆಗೆಯಲು ಅನುಮತಿಯಿದೆ. ನೆದರ್‌ಲ್ಯಾಂಡ್ಸ್‌ನ ಕಾಯಿದೆ 2002ರಲ್ಲಿ ಜಾರಿಗೆ ಬಂದಿತು, ಕೆನಡಾದಲ್ಲಿ 2016ರಲ್ಲಿ. ಅಲ್ಲಿನ ವಾದದ ಬೇರು ವ್ಯಕ್ತಿಯ ಸ್ವಾಯತ್ತತೆ: ತನ್ನ ಬಾಳಿನ ಅಂತ್ಯವನ್ನು ನಿರ್ಧರಿಸುವ ಅಧಿಕಾರ ತನ್ನದು ಎಂಬುದು. ಭಾರತದಲ್ಲಿ ಇಂಥ ಸಕ್ರಿಯ ದಯಾಮರಣಕ್ಕೆ ಅನುಮತಿಯಿಲ್ಲ. ಜೈನ ದೃಷ್ಟಿಯಲ್ಲಿಯೂ ಪ್ರಾಣ ತೆಗೆಯುವ ಸೂಜಿಯು ಹಿಂಸೆಯೇ. ಕೊಡುವವನಿಗೆ ಕೃತ, ಕೊಡಿಸುವವನಿಗೆ ಕಾರಿತ, ಒಪ್ಪುವವನಿಗೆ ಅನುಮೋದಿತ ದೋಷ.

ಇದರಿಂದ ಬೇರೆಯಾದುದು ವ್ಯರ್ಥ ಚಿಕಿತ್ಸೆಯನ್ನು ನಿಲ್ಲಿಸುವುದು. ಇದರ ಚರ್ಚೆ ದೇಶದಲ್ಲಿ ಬೆಳೆದುದು ಕನ್ನಡ ನಾಡಿನ ಮಗಳೊಬ್ಬಳ ದುರಂತದಿಂದ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ದಾದಿ. 1973ರ ನವೆಂಬರಿನಲ್ಲಿ ನಡೆದ ಕ್ರೂರ ಹಲ್ಲೆಯಿಂದ ಮಿದುಳು ಘಾಸಿಗೊಂಡು, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಹಾಸಿಗೆಯಲ್ಲಿಯೇ ಇದ್ದರು. ಅವರಿಗೆ ಆಹಾರ ನಿಲ್ಲಿಸಬೇಕೆಂದು ಹೊರಗಿನವರೊಬ್ಬರು ಅರ್ಜಿ ಹಾಕಿದಾಗ, ಅವರನ್ನು ಸಲಹಿದ ಆಸ್ಪತ್ರೆಯ ಸಿಬ್ಬಂದಿ ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಆದರೆ ತಕ್ಕ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯದ ಅನುಮತಿಯಿಂದ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದಿತು. ಮಾತಾಡಲಾರದವಳ ಪರವಾಗಿ ಯಾರು ಮಾತಾಡಬೇಕೆಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು.

2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದ ಸಂವಿಧಾನ ಪೀಠವು ಇದಕ್ಕೊಂದು ಉಪಾಯ ಮಾಡಿತು. ವಯಸ್ಕನೊಬ್ಬನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಮುಂದೆ ತನಗೆ ಪ್ರಜ್ಞೆ ತಪ್ಪಿ ಗುಣದ ಆಸೆಯಿಲ್ಲದಾದರೆ ಎಂಥ ಚಿಕಿತ್ಸೆ ಬೇಡವೆಂದು ಬರೆದಿಡಬಹುದು. ಜನರು ಲಿವಿಂಗ್ ವಿಲ್ ಎನ್ನುವ ಮುಂಗಡ ವೈದ್ಯಕೀಯ ನಿರ್ದೇಶನ ಇದು. 2023ರ ಜನವರಿಯಲ್ಲಿ ನಿಯಮಗಳು ಸರಳವಾದವು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಆಸ್ಪತ್ರೆಯ ಪ್ರಾಥಮಿಕ ವೈದ್ಯ ಮಂಡಳಿ ಹಾಗೂ ದ್ವಿತೀಯ ಮಂಡಳಿ ಎರಡೂ ಒಪ್ಪಬೇಕು. ಪತ್ರದಲ್ಲಿ ಹೆಸರಿಸಿದ ಬಂಧುಗಳ ಸಮ್ಮತಿ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯು ಇದನ್ನು ರಾಜ್ಯದಲ್ಲಿ ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಬೇಕು. ಈ ಪತ್ರವು ಸಲ್ಲೇಖನವಲ್ಲ. ಸಲ್ಲೇಖನಕ್ಕೆ ಎಚ್ಚರವಿರಬೇಕು. ಕ್ಷಮೆ ಬೇಡಲು, ಆಲೋಚನೆ ಮಾಡಲು, ಣಮೋಕಾರವನ್ನು ಮನಸ್ಸಿನಲ್ಲಿ ನಿಲ್ಲಿಸಲು ಪ್ರಜ್ಞೆ ಬೇಕು. ಪ್ರಜ್ಞೆ ತಪ್ಪಿದ ತಂದೆಯ ಕಿವಿಯಲ್ಲಿ ಮಂತ್ರ ಹೇಳುವುದು ಭಕ್ತಿ. ಅವನ ಹೆಸರಿನಲ್ಲಿ ಮಕ್ಕಳು ಆಹಾರತ್ಯಾಗವನ್ನು ಘೋಷಿಸುವುದು ವ್ರತವಲ್ಲ, ಏಕೆಂದರೆ ಇನ್ನೊಬ್ಬರ ವ್ರತವನ್ನು ಯಾರೂ ತೆಗೆದುಕೊಳ್ಳಲಾರರು. ಎರಡನೆಯದಾಗಿ, ಈ ಪತ್ರವು ಧರ್ಮವಿರುದ್ಧವೂ ಅಲ್ಲ. ಗುಣವಾಗದ ದೇಹಕ್ಕೆ ಯಂತ್ರಗಳನ್ನು ಜೋಡಿಸಬೇಡಿರೆಂದು ಮೊದಲೇ ಬರೆದಿಡುವುದರಲ್ಲಿ ಮರಣದ ಬಯಕೆಯಿಲ್ಲ, ಮೋಹದ ಮಿತಿಯಿದೆ.

೬. ಆಕ್ಷೇಪಕ್ಕೆ ಸಮಾಧಾನ

ಮುದುಕರನ್ನು, ವಿಶೇಷವಾಗಿ ವಿಧವೆಯರನ್ನು, ಕೀರ್ತಿಗಾಗಿಯೋ ಆಸ್ತಿಗಾಗಿಯೋ ಮನೆಯವರೇ ಈ ದಾರಿಗೆ ನೂಕಿದರೆ ಏನು ಗತಿ ಎಂಬ ಆಕ್ಷೇಪವುಂಟು. ಇದನ್ನು ನಿಂದೆಯೆಂದು ತಳ್ಳಿಹಾಕುವುದು ಉಚಿತವಲ್ಲ. ಶಾಸ್ತ್ರವೇ ಈ ಭಯವನ್ನು ಅರಿತಿದೆ. ಆದುದರಿಂದಲೇ ಸ್ವೇಚ್ಛೆ, ಗುರುವಿನ ಅನುಜ್ಞೆ, ಆಹಾರದ ಪರೀಕ್ಷೆ, ಕ್ರಮಕ್ರಮವಾದ ತ್ಯಾಗಗಳೆಂಬ ನಾಲ್ಕು ಬೇಲಿಗಳನ್ನು ಕಟ್ಟಿದೆ. ಬೇಲಿ ಕಿತ್ತ ಹೊಲವನ್ನು ದನ ಮೇದರೆ ದೋಷ ಬೆಳೆಯದಲ್ಲ. ವ್ರತ ಹಿಡಿದವರ ಮನೆಯ ಮುಂದೆ ಫಲಕ, ಬಾಜಾ, ಜನಜಂಗುಳಿ ಕೂಡಿಸಿದರೆ, ಮನಸ್ಸು ಬದಲಾಯಿಸುವ ಬಾಗಿಲನ್ನೇ ಮುಚ್ಚಿದಂತೆ. ಗಂಟಲೊಣಗಿದ ತಾಯಿಯು ನೀರು ಕೇಳಲು ನಾಚುವಂಥ ಮೆರೆತ ಯಾವ ಮನೆಯಲ್ಲಿಯೂ ನಡೆಯಬಾರದು.

ಕಾನೂನನ್ನು ಎದುರಿಸುವಾಗ ಸ್ವಾಯತ್ತತೆಯ ವಾದವೊಂದನ್ನೇ ಹಿಡಿಯುವುದೂ ಸರಿಯಲ್ಲ. ಆ ವಾದದಿಂದ ಮೊಕದ್ದಮೆ ಗೆದ್ದೀತು, ಆದರೆ ವ್ರತದ ಸ್ವರೂಪ ಮರೆಯಾದೀತು. ಇದು ಗುರುವು ಬೇಡವೆನ್ನಬಹುದಾದ ವ್ರತವೆಂಬುದೇ ಇದರ ಅತ್ಯುತ್ತಮ ಸಮರ್ಥನೆ.

೭. ಗೃಹಸ್ಥನ ಕರ್ತವ್ಯ

ಈಗ ಮೊದಲಿನ ಮನೆಗೆ ಬರತಕ್ಕದ್ದು. ಗಂಜಿಯ ಬಟ್ಟಲನ್ನು ಸರಿಸಿದ ತಾಯಿಯ ಪಕ್ಕದಲ್ಲಿ ಮಗನು ಕುಳಿತು, ಬೇಸರವೋ, ನೋವೋ, ಸೊಸೆಗೆ ಭಾರವಾದೆನೆಂಬ ಸಂಕೋಚವೋ, ನಿಜವಾದ ವೈರಾಗ್ಯವೋ ಎಂದು ಒಂದಲ್ಲ ಹಲವು ದಿನ ಕೇಳಬೇಕು. ನೋವಿದ್ದರೆ ನೋವಿಗೆ ಔಷಧ, ಖಿನ್ನತೆಯಿದ್ದರೆ ಅದಕ್ಕೆ ಚಿಕಿತ್ಸೆ, ಸಂಕೋಚವಿದ್ದರೆ ಸೊಸೆಯ ಕೈಯಿಂದಲೇ ಸೇವೆ ಮತ್ತು ಸಮಾಧಾನ. ರೋಗವು ಪ್ರತೀಕಾರವಿಲ್ಲದ್ದೋ ಎಂಬುದನ್ನು ವೈದ್ಯರಿಂದ ಬರೆಹದಲ್ಲಿ ಪಡೆಯಬೇಕು. ಪ್ರಜ್ಞೆಯಿರುವ ರೋಗಿಯು ಚಿಕಿತ್ಸೆ ಬೇಡವೆನ್ನಬಹುದೆಂಬುದನ್ನು ಕಾಮನ್ ಕಾಸ್ ತೀರ್ಪೂ ಒಪ್ಪಿರುವುದರಿಂದ, ಮೂಗಿನ ನಳಿಗೆಯ ವಿಚಾರದಲ್ಲಿ ತಾಯಿಯ ಮಾತೇ ಮೊದಲಿನದು. ಮುನಿಗಳಿಗೆ ಸುದ್ದಿ ಮುಟ್ಟಿಸಿ ಅನುಜ್ಞೆಯನ್ನು ಬೇಡಬೇಕು. ಅವರು ಬೇಡವೆಂದರೆ ಸಮಂತಭದ್ರರಂತೆ ಶಿರಸಾ ವಹಿಸಬೇಕು.

ಅನುಜ್ಞೆ ಬರುವವರೆಗೆ ದಿನದ ಮಟ್ಟಿಗೆ, ಪ್ರಹರದ ಮಟ್ಟಿಗೆ, ಒಂದು ರಸದ ಮಟ್ಟಿಗೆ ತ್ಯಾಗವನ್ನು ಅವಧಿಯಿಟ್ಟು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಗಂಜಿಯ ಬಟ್ಟಲು ಮಾತ್ರ ತಾಯಿಯ ಕೈಗೆಟಕುವಲ್ಲಿಯೇ ಇರಲಿ. ಆಕೆ ಮರಳಿ ಕೇಳಿದರೆ ಬಿಸಿ ಮಾಡಿ ಕೊಡುವುದು ಮಗನ ಧರ್ಮ, ಆ ಹೊತ್ತಿಗೆ ಅದೇ ವೈಯಾವೃತ್ಯ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಸಲ್ಲೇಖನಕ್ಕೆ ಸಮಂತಭದ್ರಾಚಾರ್ಯರು ಹೇಳಿದ ನಾಲ್ಕು ಸಂದರ್ಭಗಳಾವುವು? ಅವಕ್ಕೆ ಸಮಾನವಾದ ವಿಶೇಷಣ ಯಾವುದು?
2. ಅತಿಚಾರಗಳ ಎಣಿಕೆಯಲ್ಲಿ ತತ್ತ್ವಾರ್ಥಸೂತ್ರಕ್ಕೂ ರತ್ನಕರಂಡಕಕ್ಕೂ ಇರುವ ಭೇದವೇನು?
3. ಅಕಂಪನಾಚಾರ್ಯರ ಸಂಘವು ಪಾಯಸವನ್ನು ಸ್ವೀಕರಿಸಿದ್ದರಿಂದ ವ್ರತದ ಉದ್ದೇಶವು ಹೇಗೆ ತಿಳಿಯುತ್ತದೆ?
4. ಮುಂಗಡ ವೈದ್ಯಕೀಯ ನಿರ್ದೇಶನಕ್ಕೂ ಸಲ್ಲೇಖನಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ವಿವರಿಸಿರಿ.
5. ತಮ್ಮ ಮನೆಯ ಹಿರಿಯರೊಡನೆ ಈ ವಿಷಯವನ್ನು ಅವರು ಆರೋಗ್ಯದಿಂದಿರುವಾಗಲೇ ಮಾತಾಡಿದವರೆಷ್ಟು ಮಂದಿ? ಪ್ರತಿಯೊಬ್ಬರೂ ತಮ್ಮಲ್ಲಿಯೇ ಉತ್ತರಿಸಿಕೊಳ್ಳತಕ್ಕದ್ದು.